ಐವತ್ತೊಂಬತ್ತು ಪಾಯಿಂಟ್ ನಾಲ್ಕು ಐದು

ಕಂತು ಹನ್ನೊಂದು

"ಬೆರಳು ತೆಗೀರಿ ಅಳಿಯಂದ್ರೇ. ರಿಜಿಸ್ಟರ್ ಮೇಲೆ ಬೆರಳಿಟ್ಟು ಓದೋದು ಫೇಲಾದೋರ ಅಭ್ಯಾಸ."

ಪತ್ತೇದಾರ ಬೆರಳು ತೆಗೆದ. ತಾನು ಫೇಲಾದವನಲ್ಲ, ಮೂರನೇ ದರ್ಜೆಯಲ್ಲಾದರೂ ಪಾಸಾದವನು ಎಂದು ಹೇಳಬೇಕೆನಿಸಿತು. ಆದರೆ ಹನ್ನೆರಡು ವರ್ಷದ ಸಂಸಾರದಲ್ಲಿ ಆ ಮಾತು ಹೇಳಿದಾಗಲೆಲ್ಲ ಅತ್ತೆ "ಹೌದೌದು, ಮೂವತ್ತೇಳು ಪಾಯಿಂಟ್ ಒಂದು ಎರಡು" ಎಂದು ದಶಮಾಂಶದ ಸಮೇತ ಒಪ್ಪಿಕೊಂಡಿದ್ದರು. ಬೇರೆ ತಾಯಂದಿರು ಮಗಳನ್ನು ಕೊಡುವ ಮುಂಚೆ ಹುಡುಗನ ನಡತೆ ಹೇಗೆ, ಕುಡಿಯುತ್ತಾನೋ ಎಂದು ವಿಚಾರಿಸುತ್ತಾರೆ. ಈ ಮಹಾತಾಯಿ ಇದೇ ಕೋಣೆಗೆ ಬಂದು ಅವನ ವರ್ಷದ ರಿಜಿಸ್ಟರ್ ಇಳಿಸಿ ನೋಡಿದ್ದರು.

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ನೆಲಮಾಳಿಗೆ ಅದು, ನಿವೃತ್ತರಾಗುವ ತನಕ ಅತ್ತೆ ದುಡಿದ ಜಾಗ. ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ತೊಟ್ಟಿಲಿನಷ್ಟು ಅಗಲದ ರಿಜಿಸ್ಟರುಗಳು. ಗೋಡೆಯ ತುದಿಯಲ್ಲಿ ಒಂದೇ ಒಂದು ಸೀಳು ಕಿಟಕಿ. ಅದರಾಚೆ ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ ಕಾಣಿಸುತ್ತಿತ್ತು. ಫೋನಿಗೆ ಇಲ್ಲಿ ಸಿಗ್ನಲ್ ಎಂಬುದೇ ಇರಲಿಲ್ಲ. ಹತ್ತು ಗಂಟೆ ಹತ್ತು ನಿಮಿಷವಾಗಿತ್ತು.

ಹನ್ನೆರಡಕ್ಕೆ ವಿಚಾರಣೆ. ನೀರಿನ ಪ್ರಯೋಗಾಲಯದ ಕೆಮಿಸ್ಟ್ ಹುಡುಗಿಯ ಪ್ರಮಾಣಪತ್ರದಲ್ಲಿರುವ ಪ್ರಥಮ ದರ್ಜೆ ತಪ್ಪೆಂದು ಹೆಸರಿಲ್ಲದ ಪತ್ರವೊಂದು ಬಂದಿತ್ತು. ಅವಳೇ ತಿದ್ದಿಕೊಂಡಿದ್ದಾಳೆಂದು ವಿಚಾರಣಾ ಸಮಿತಿಯ ಅನುಮಾನ. ಅಲ್ಲವೆಂದು ಹನ್ನೆರಡರೊಳಗೆ ತೋರಿಸದಿದ್ದರೆ ಅವಳ ಕೆಲಸ ಹೋಗುತ್ತದೆ, ಮೇಲಿಂದ ಪೊಲೀಸ್ ದೂರು.

ಅವಳು ಮೊದಲ ದಿನ ಅವನ ಆಫೀಸಿಗೆ ಬಂದದ್ದು ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು, ಅವನು ಕೊಟ್ಟ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಕುಡಿಯದೆ ಕೆಳಗಿಟ್ಟು, ಆಮೇಲೆ ಅತ್ತಿದ್ದಳು. ಅವರ ಮನೆತನದಲ್ಲಿ ಪದವಿ ಪಡೆದವಳು ಅವಳೊಬ್ಬಳೇ. ಅಪ್ಪ ಆ ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ನೇತುಹಾಕಿದ್ದ. ಸಮಿತಿಯವರು ಅಸಲು ಪ್ರತಿ ಕೇಳಿದಾಗ ಸ್ಕ್ರೂಡ್ರೈವರ್ ಹಿಡಿದು ಕಟ್ಟು ಬಿಚ್ಚಿದವನೂ ಅಪ್ಪನೇ. ಬಿಚ್ಚುವಾಗ ಒಂದು ಮಾತೂ ಆಡಲಿಲ್ಲವಂತೆ. "ಬೈದಿದ್ರೆ ತಡ್ಕೋತಿದ್ದೆ ಸರ್" ಅಂದಿದ್ದಳು.

"ನೋಂದಣಿ ಸಂಖ್ಯೆ?" ಅತ್ತೆ ಕೇಳಿದರು.

"ನಾಲ್ಕು ನಾಲ್ಕು ಒಂದು ಏಳು."

ಅತ್ತೆಯ ಕೈ ಪುಟದ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಆ ಕನ್ನಡಕವನ್ನು ಈಗ ತಾನೇ ಒರೆಸಿದ್ದರು.

"ದೊಡ್ಡ ರಿಜಿಸ್ಟರ್ ಇದು. ಹುಡುಕೋಕೆ ಹೊತ್ತಾಗುತ್ತೆ. ಅಷ್ಟರಲ್ಲಿ ನೀವು ಆ ಪತ್ರ ಓದಿ, ಕೇಳೋಣ."

ಪತ್ತೇದಾರ ಪ್ಲಾಸ್ಟಿಕ್ ಕವರಿನಿಂದ ಪತ್ರ ತೆಗೆದ. ಪ್ರಯೋಗಾಲಯದ ಗುಮಾಸ್ತನ ಕೈಕಾಲು ಹಿಡಿದು ಬೆಳಿಗ್ಗೆಯಷ್ಟೇ ಎರವಲು ತಂದ ಅಸಲು ಪ್ರತಿ. ಪತ್ರ ಎನ್ನುವುದಕ್ಕಿಂತ ಪಟ್ಟಿ ಎನ್ನಬೇಕು. ಅಗಲ ಮಾಮೂಲಿ ಕಾಗದದಷ್ಟೇ ಇದ್ದರೂ ಎತ್ತರ ಮೂರೇ ಬೆರಳು. ಅದರಲ್ಲಿ ಕಂಪ್ಯೂಟರಿನಲ್ಲಿ ಅಚ್ಚಾದ ಮೂರು ಸಾಲು.

"ನೋಂದಣಿ ಸಂಖ್ಯೆ 4417ರ ಅಭ್ಯರ್ಥಿಯ ನಿಜವಾದ ಶೇಕಡಾವಾರು ಅಂಕ |59.45|. ಪ್ರಮಾಣಪತ್ರದಲ್ಲಿರುವ ಪ್ರಥಮ ದರ್ಜೆ ತಪ್ಪು. ನಿಯಮದಂತೆ ಸಲ್ಲಬೇಕಾದದ್ದು ದ್ವಿತೀಯ ದರ್ಜೆ. ಅಷ್ಟೇ" ಎಂದು ಓದಿ ಮುಗಿಸಿದ. "ಬರೆದೋನು ಮಹಾ ಜಿಪುಣ ಇರಬೇಕು ಅತ್ತೆ. ಒಬ್ಬರ ಹೊಟ್ಟೆ ಮೇಲೆ ಹೊಡೆಯೋಕೆ ಇಡೀ ಹಾಳೆ ಖರ್ಚು ಮಾಡೋ ಮನಸ್ಸೂ ಇಲ್ಲ."

ಅತ್ತೆ ನಗಲಿಲ್ಲ. ಅಳಿಯನ ಹಾಸ್ಯಕ್ಕೆ ಅವರು ನಗುತ್ತಿದ್ದದ್ದೂ ಅಪರೂಪವೇ, ಹಾಗಾಗಿ ಅವನಿಗೆ ಏನೂ ಅನಿಸಲಿಲ್ಲ.

ಅವನ ನೋಟ್ ಪುಸ್ತಕದಲ್ಲಿ ಶಂಕಿತರು ಇಬ್ಬರಿದ್ದರು. ಒಬ್ಬ ಆ ಕೆಲಸದ ಆಯ್ಕೆ ಪಟ್ಟಿಯಲ್ಲಿ ಎರಡನೆಯವನು. ಹುಡುಗಿ ಹೊರಗೆ ಹೋದರೆ ಕುರ್ಚಿ ತಾನಾಗಿ ಅವನದು. ಇನ್ನೊಬ್ಬಳು ಪ್ರಯೋಗಾಲಯದ ಸಹೋದ್ಯೋಗಿ, ಹುಡುಗಿಯ ಕಿಟಕಿ ಪಕ್ಕದ ಮೇಜಿನ ಮೇಲೆ ಎರಡು ವರ್ಷದಿಂದ ಕಣ್ಣಿಟ್ಟವಳು. ಇಬ್ಬರಲ್ಲೊಬ್ಬರೇ ಪತ್ರ ಬರೆದವರೆಂದು ಅವನಿಗೆ ಒಳ್ಳೆಯ ನಂಬಿಕೆಯಿತ್ತು. ಆದರೆ ಆ ಅಂಕಿ ಇಬ್ಬರನ್ನೂ ಹೊಡೆದು ಹಾಕುತ್ತಿತ್ತು.

"ನೋಡಿ ಅತ್ತೆ. ಹುಡುಗಿಗೆ ಕೊಟ್ಟ ಅಂಕಪಟ್ಟಿಯಲ್ಲಿ ಅಂಕಿಯೇ ಇಲ್ಲ. ಬರೀ 'ಎ' ಅಂತ ಗ್ರೇಡು, ಪಕ್ಕದಲ್ಲಿ ಪ್ರಥಮ ದರ್ಜೆ ಅಂತ. ಎಷ್ಟು ಶೇಕಡಾ ಅಂತ ಅವಳಿಗೇ ಗೊತ್ತಿಲ್ಲ. ಅಂದ್ಮೇಲೆ ಹೊರಗಿನೋನಿಗೆ ನಾಲ್ಕು ಐದು ಅಂತ ದಶಮಾಂಶ ಎಲ್ಲಿಂದ ಸಿಕ್ತು?"

"ಗ್ರೇಡು ಅಂದ್ರೆ ಅಂಗಡಿಯಲ್ಲಿ ಸಿಗೋ ಅಂಗಿ ಅಳತೆ ಇದ್ದ ಹಾಗೆ" ಅತ್ತೆ ಕನ್ನಡಕ ಏರಿಸಿಕೊಂಡರು. ವಿಷಯ ತಮ್ಮ ಕಸುಬಿಗೆ ಬಂದದ್ದೇ ದನಿಗೆ ಜೀವ ಬಂತು. "ಚಿಕ್ಕದು, ನಡುವಿನದು, ದೊಡ್ಡದು. ಅರವತ್ತರಿಂದ ಅರವತ್ತೊಂಬತ್ತರ ತನಕ ಎಲ್ಲರೂ 'ಎ'. ಐವತ್ತರಿಂದ ಐವತ್ತೊಂಬತ್ತರ ತನಕ ಎಲ್ಲರೂ 'ಬಿ'. ಅರವತ್ತು ತಗೊಂಡೋನಿಗೂ ಅರವತ್ತೊಂಬತ್ತು ತಗೊಂಡೋನಿಗೂ ಒಂದೇ ಅಂಗಿ. ಐವತ್ತೊಂಬತ್ತಕ್ಕೂ ಅರವತ್ತಕ್ಕೂ ಮಾತ್ರ ಬೇರೆ ಬೇರೆ. ಮೈ ಅಳತೆ ನಿಜವಾಗಿ ಇರೋದು ಈ ಪುಸ್ತಕದಲ್ಲಿ."

"ಹಾಗಾದ್ರೆ ಪತ್ರ ಬರೆದೋರು ಈ ಪುಸ್ತಕ ನೋಡಿದೋರು."

ಅತ್ತೆ ಪುಟವನ್ನು ಮುಂದಕ್ಕೆ ತಿರುವಿ, ಮತ್ತೆ ಹಿಂದಕ್ಕೆ ತಿರುವಿದರು.

"ಇನ್ನೂ ಒಂದಿದೆ" ಪತ್ತೇದಾರ ಉತ್ಸಾಹದಲ್ಲಿ ಮುಂದಕ್ಕೆ ಬಾಗಿದ. "ಅಂಕಿಯ ಎರಡೂ ಪಕ್ಕ ಒಂದೊಂದು ಗೆರೆ ಎಳೆದಿದ್ದಾರೆ. ಈ ರಿಜಿಸ್ಟರ್ ತುಂಬಾ ಹಾಗೇ ಇದೆ. ಯಾಕೆ?"

ಉತ್ತರ ಬಾಗಿಲ ಕಡೆಯಿಂದ ಬಂತು. ದಾಖಲೆ ಕೋಣೆಯ ಮೇಲ್ವಿಚಾರಕ, ದಪ್ಪನೆಯ ಮನುಷ್ಯ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಎದ್ದು ನಿಂತ. ಅವನಿಗೆ ಕೆಲಸ ಕಲಿಸಿದವರು ಅತ್ತೆ. ಅತ್ತೆ ಅವನ ಕಡೆ ತಿರುಗಿದರೆ ಸಾಕು, ಇವತ್ತಿಗೂ ಎದ್ದು ನಿಲ್ಲುತ್ತಿದ್ದ.

"ಅಂಕಿಗೆ ಗೋಡೆ ಕಟ್ಟೋದು ಅಂತೀವಿ ಸರ್. ಹಿಂದೆ ಮುಂದೆ ಇನ್ನೊಂದು ಅಂಕಿ ಸೇರಿಸಬಾರದು ಅಂತ. ಮೇಡಮ್ಮೇ ಕಲಿಸಿದ್ದು. ಗೋಡೆ ಇಲ್ಲದ ಅಂಕಿ ಬರೆದ್ರೆ ಇಡೀ ಪುಟ ಮತ್ತೆ ಬರೆಸೋರು. ನಾನೀಗ ಹಾಲಿನವನಿಗೆ ಚೀಟಿ ಬರೆದ್ರೂ ಗೋಡೆ ಕಟ್ಟೇ ಬರೆಯೋದು."

ಪತ್ತೇದಾರನ ಕಿವಿ ನೆಟ್ಟಗಾದವು. ಪುಸ್ತಕ ನೋಡಿದವನು, ಗೋಡೆ ಕಟ್ಟುವವನು, ಎರಡೂ ಆದವನು ಕಣ್ಣೆದುರೇ ನಿಂತು ಸೀನುತ್ತಿದ್ದಾನೆ!

"ಕಂಪ್ಯೂಟರಿನಲ್ಲಿ ಟೈಪ್ ಮಾಡ್ತೀರಾ?" ಎಂದ, ಏನೂ ಅಲ್ಲವೆಂಬಂತೆ.

"ಅಯ್ಯೋ, ನನ್ನ ಬೆರಳು ನೋಡಿ ಸರ್" ಎಂದು ಅವನು ಎರಡೂ ಕೈ ಚಾಚಿದ. "ಒಂದು ಒತ್ತಿದ್ರೆ ಮೂರು ಬೀಳ್ತವೆ."

ಬೆರಳುಗಳು ಸುಳ್ಳು ಹೇಳುವಂತಿರಲಿಲ್ಲ. ಪತ್ತೇದಾರ ನಿಟ್ಟುಸಿರಿಟ್ಟು, ಅತ್ತೆ ಇನ್ನೂ ಹುಡುಕುತ್ತಲೇ ಇದ್ದ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡ. ಮೂವತ್ತೊಂದು ವರ್ಷ ಈ ಪುಸ್ತಕಗಳಲ್ಲೇ ಬಾಳಿದವರಿಗೆ ಒಂದು ಸಂಖ್ಯೆ ಹುಡುಕಲು ಇಷ್ಟು ಹೊತ್ತು ಯಾಕೆ ಬೇಕೆಂದು ಅವನಿಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೂವತ್ತೇಳು ಪಾಯಿಂಟ್ ಒಂದು ಎರಡು ಸುಮ್ಮನೆ ಬರುವುದಿಲ್ಲ.

ಪುಟ ತೆರೆದೇ ಇತ್ತು. ಎಡಗಡೆಯ ನಾಲ್ಕನೇ ಸಾಲಿನಲ್ಲೇ ನಾಲ್ಕು ನಾಲ್ಕು ಒಂದು ಏಳು.

"ಇಲ್ಲೇ ಇದೆಯಲ್ಲ ಅತ್ತೆ!"

"ಹೌದಾ? ವಯಸ್ಸಾಯ್ತು ನೋಡಿ."

ಅವನು ಬೆರಳಿಡದೆ ಓದಿದ. ನಾಲ್ಕು ಸಾವಿರಕ್ಕೆ ಎರಡು ಸಾವಿರದ ಮುನ್ನೂರ ಎಪ್ಪತ್ತೆಂಟು. ಶೇಕಡಾ ಐವತ್ತೊಂಬತ್ತು ಪಾಯಿಂಟ್ ನಾಲ್ಕು ಐದು. ಪತ್ರದಲ್ಲಿದ್ದದ್ದು ನಿಜ! ತಿದ್ದಿಲ್ಲ, ಕೆರೆದಿಲ್ಲ, ಮಸಿ ಒಂದೇ ಸಮನೆ ಹರಿದಿತ್ತು. ಅರವತ್ತಕ್ಕೆ ಇಪ್ಪತ್ತೆರಡು ಅಂಕ ಕಡಿಮೆ.

ಪಾಪ, ಆ ಹುಡುಗಿ! ಒಂದು ಕ್ಷಣ ಅವಳ ಮೇಲೇ ಸಂಶಯ ಬಂತು, ಮರುಕ್ಷಣ ಸಂಶಯಪಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ಆ ಸಾಲು ಅಲ್ಲಿಗೆ ಮುಗಿದಿರಲಿಲ್ಲ. ಶೇಕಡಾ ಕಾಲಮಿನ ಬಲಕ್ಕೆ ಇನ್ನೆರಡು ಕಾಲಮುಗಳಿದ್ದವು. 'ಮೊದಲ ಟೇಬಲ್' ಎಂಬುದರ ಕೆಳಗೆ |59.5|. 'ಎರಡನೇ ಟೇಬಲ್' ಎಂಬುದರ ಕೆಳಗೆ |60|. ಕೊನೆಗೆ ಅಚ್ಚುಕಟ್ಟಾಗಿ 'ಪ್ರಥಮ ದರ್ಜೆ'.

ಇಲ್ಲಿ ಪತ್ತೇದಾರನ ಒಂದು ವಿದ್ಯೆಯ ಬಗ್ಗೆ ಹೇಳಲೇಬೇಕು. ರ‍್ಯಾಂಕ್ ಬಂದವರು ದಶಮಾಂಶದ ಕಡೆ ತಿರುಗಿಯೂ ನೋಡುವುದಿಲ್ಲ, ಅವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಇವನಾದರೋ ಕಾಲೇಜಿನ ಮೂರು ವರ್ಷವೂ ಫಲಿತಾಂಶದ ಬೋರ್ಡಿನ ಮುಂದೆ ನಿಂತು, ಅರ್ಧ ಅಂಕವನ್ನು ಯಾವ ನಿಯಮದಲ್ಲಿ ಒಂದು ಮಾಡಬಹುದು, ಒಂದನ್ನು ಯಾವ ಕೃಪೆಯಲ್ಲಿ ಎರಡು ಮಾಡಬಹುದು ಎಂದು ಬೆರಳು ಮಡಚಿದವನು. ಅಂಕವನ್ನು ಮೇಲಕ್ಕೆ ತಳ್ಳುವ ವಿಷಯದಲ್ಲಿ ಅವನಷ್ಟು ಅಧ್ಯಯನ ಮಾಡಿದವರು ಆ ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ.

"ಎರಡು ಸಲ!" ಎಂದು ಕೂಗಿಯೇಬಿಟ್ಟ. "ಅತ್ತೆ, ಎರಡು ಸಲ ಏರಿಸಿದ್ದಾರೆ! ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ರೆ ಮುಂದಿನ ಪೂರ್ಣ ಅಂಕಕ್ಕೆ ಏರಿಸಬೇಕು, ಒಂದೇ ಸಲ. ಅದು ನಿಯಮ. ನಾಲ್ಕು ಐದು ಅನ್ನೋದು ಅರ್ಧ ಅಲ್ಲ. ಅದನ್ನ ಏರಿಸೋ ಹಾಗೇ ಇರಲಿಲ್ಲ. ಇವರು ಮೊದಲು ನಾಲ್ಕು ಐದನ್ನ ಐದು ಮಾಡಿದ್ರು. ಆಗ ಅದು ಅರ್ಧ ಆಯ್ತು. ಅರ್ಧ ಆಯ್ತಲ್ಲ ಅಂತ ಪಕ್ಕದ ಮೇಜಿನವರು ಅರವತ್ತು ಮಾಡಿದ್ರು! ಹುಡುಗಿ ಏನೂ ತಿದ್ದಿಲ್ಲ. ತಪ್ಪು ಇಲ್ಲೇ ಆಗಿದೆ, ಈ ಆಫೀಸಿನಲ್ಲಿ!"

ಮೇಲ್ವಿಚಾರಕ ಸೀನುವುದನ್ನೇ ಮರೆತು ಬಾಯಿ ತೆರೆದು ನಿಂತ.

"ಯಾವ ಪುಣ್ಯಾತ್ಮ ಈ ಎರಡನೇ ಟೇಬಲ್ಲಿನಲ್ಲಿ ಕೂತಿದ್ದ? ತಲೇಲಿ ಏನು ತುಂಬಿತ್ತು ಅವನಿಗೆ? ಎಡಗಡೆ ಒಂದು ಕಾಲಮ್ ಹಿಂದಕ್ಕೆ ಕಣ್ಣು ಹಾಯಿಸಿದ್ರೆ ಸಾಕಿತ್ತು. ನಾನಾಗಿದ್ರೂ ನೋಡ್ತಿದ್ದೆ!"

ಹೇಳುತ್ತಲೇ ಅವನ ಕಣ್ಣು |60|ರ ಪಕ್ಕದ ಕಿರುಸಹಿಯ ಮೇಲೆ ಬಿತ್ತು. ಅಕ್ಷರವಲ್ಲ, ಒಂದು ಸರಿ ಗುರುತು. ಅದರ ಬಾಲ ಕೆಳಕ್ಕಿಳಿದು, ತುದಿಯಲ್ಲಿ ಚಿಕ್ಕದಾಗಿ ಸುರುಳಿ ಸುತ್ತಿಕೊಂಡಿತ್ತು. ಆ ಗುರುತನ್ನು ಅವನು ಪ್ರತಿ ಭಾನುವಾರ ನೋಡುತ್ತಿದ್ದ. ಅವನು ತಂದ ಮನೆಸಾಮಾನನ್ನು ಒಂದೊಂದಾಗಿ ಎಣಿಸಿ, ಚೀಟಿಯ ಮೇಲೆ ಅತ್ತೆ ಹಾಕುವ ಗುರುತು ಅದೇ.

ಪತ್ತೇದಾರ ನಾಲಿಗೆ ಕಚ್ಚಿಕೊಂಡ. ಕಿಟಕಿಯಾಚೆ ಯಾರದೋ ಎರಡು ಕಾಲು ನಿಂತು, ಚಪ್ಪಲಿ ಸರಿಮಾಡಿಕೊಂಡು, ಮುಂದೆ ಹೋದವು.

"ನೀವು ಸ್ವಲ್ಪ ಹೊರಗೆ ಹೋಗಿ ಚಹಾ ಕುಡಿದು ಬನ್ನಿ" ಎಂದ ಮೇಲ್ವಿಚಾರಕನಿಗೆ.

"ಈಗ ತಾನೇ ಕುಡಿದೆ ಸರ್."

"ಇನ್ನೊಂದು ಕುಡೀರಿ."

ಬಾಗಿಲು ಮುಚ್ಚಿತು. ಮೇಜಿನ ಈಚೆ ಅಳಿಯ, ಆಚೆ ಅತ್ತೆ, ನಡುವೆ ತೊಟ್ಟಿಲಿನಷ್ಟು ಅಗಲದ ರಿಜಿಸ್ಟರ್. ಹನ್ನೆರಡು ವರ್ಷದಿಂದ ಇಂಥ ಒಂದು ದಿನ ಬರಲಿ ಎಂದು ಅವನು ಒಳಗೊಳಗೇ ಹಾರೈಸಿದ್ದ. ಅತ್ತೆಯ ಒಂದು ತಪ್ಪು, ಒಂದೇ ಒಂದು, ಎಳ್ಳುಕಾಳಿನಷ್ಟಾದರೂ ಸಾಕು, ಕೈಗೆ ಸಿಗಲಿ ಎಂದು. ಈಗ ಸಿಕ್ಕಿದೆ. ಆದರೆ ಅತ್ತೆಯ ಮುಖ ನೋಡಿದರೆ ಖುಷಿಯೇ ಆಗಲಿಲ್ಲ. ಮುಖ ಬಾಡಿ ಇಷ್ಟಾಗಿತ್ತು.

"ಎರಡನೇ ಟೇಬಲ್..." ಎಂದು ತೊಡಗಿದ.

"ನಂದೇ" ಎಂದರು ಅತ್ತೆ. "ಮುಂದೆ ಕೇಳಿ. ನನ್ನನ್ನ ಅತ್ತೆ ಅಂತ ನೋಡಬೇಡಿ, ಸಾಕ್ಷಿ ಅಂತ ನೋಡಿ. ಬೆವರಿಳಿಸಿ ಕೇಳಿ."

"ನೀವೇ ಬೆವರಿಳಿಸಿ ಅಂದ್ರೆ ನಾನು ಹೇಗೆ ಇಳಿಸೋದು ಅತ್ತೆ?"

"ನಿಮಗೆ ಅದೂ ಬರಲ್ಲ." ಅತ್ತೆಯ ದನಿ ಗದರಿದಂತಿದ್ದರೂ ಕಣ್ಣು ತುಂಬಿಕೊಂಡಿತ್ತು. "ಆ ವರ್ಷ ಹೊಸ ಫಾರಂ ಬಂತು. ಮೊದಲ ಟೇಬಲ್ಲಿನ ಫಾರಮಿನಲ್ಲಿ ದಶಮಾಂಶಕ್ಕೆ ಒಂದೇ ಮನೆ ಅಚ್ಚು ಹಾಕಿಸಿದ್ರು. ಯಾರದೋ ಬುದ್ಧಿವಂತಿಕೆ. ನಾಲ್ಕು ಐದು ಅಂತ ಎರಡು ಅಂಕಿ ಬರೆಯೋಕೆ ಜಾಗ ಇಲ್ಲ. ಮೊದಲ ಟೇಬಲ್ಲಿನವರು ಏನು ಮಾಡ್ತಾರೆ? ಐದು ಅಂತ ಬರೆದ್ರು. ಅವರದು ತಪ್ಪಲ್ಲ. ನಂಗೆ ಬಂದಿದ್ದು ಐವತ್ತೊಂಬತ್ತೂವರೆ. ನಿಯಮದ ಪ್ರಕಾರ ಅರವತ್ತು ಮಾಡ್ದೆ. ಹಾಗೆ ನೋಡಿದ್ರೆ ನಂದೂ ತಪ್ಪಲ್ಲ. ಆದ್ರೆ ಒಂದು ಕಾಲಮ್ ಹಿಂದಕ್ಕೆ ನೋಡಬೇಕಿತ್ತು. ನೀವು ಹೇಳಿದ್ದು ಸರಿ. ನೀವಾಗಿದ್ರೂ ನೋಡ್ತಿದ್ರಿ."

ಆ ಕೊನೆಯ ವಾಕ್ಯ ಹೇಳಲು ಅತ್ತೆಗೆ ಎಷ್ಟು ಕಷ್ಟವಾಯಿತೆಂಬುದು ಪತ್ತೇದಾರನಿಗೆ ಗೊತ್ತಾಯಿತು.

"ಯಾವಾಗ ಗೊತ್ತಾಯ್ತು ನಿಮಗೆ?"

"ನಾಲ್ಕು ತಿಂಗಳ ಹಿಂದೆ. ಹಳೇ ರಿಜಿಸ್ಟರ್ ಬೈಂಡ್ ಮಾಡಿಸೋಕೆ ಮುಂಚೆ ಒಂದ್ಸಲ ನೋಡಿಕೊಡಿ ಅಂತ ಕರೆಸಿದ್ರು. ನೋಡ್ತಾ ನೋಡ್ತಾ ಕೈಕಾಲು ತಣ್ಣಗಾಯ್ತು. ಒಬ್ಬರಲ್ಲ, ಇಬ್ಬರಲ್ಲ. ಮೂವತ್ತೈದರ ಗಡಿಯಲ್ಲಿ, ಐವತ್ತರ ಗಡಿಯಲ್ಲಿ, ಅರವತ್ತರ ಗಡಿಯಲ್ಲಿ, ಎಲ್ಲಾ ಸೇರಿ ಇಪ್ಪತ್ತಾರು ಜನ. ಮೂರು ದಿನ ಊಟ ಸೇರಲಿಲ್ಲ."

ಆ ಮೂರು ದಿನ ಪತ್ತೇದಾರನಿಗೆ ನೆನಪಿತ್ತು. ಅತ್ತೆಗೆ ಹಲ್ಲುನೋವೆಂದು ಹೆಂಡತಿ ಹೇಳಿದ್ದಳು. ಅವನು ಸಂತೋಷವಾಗಿ ಎರಡು ಪಾಲು ಉಂಡಿದ್ದ.

"ನಮ್ಮ ಹತ್ತಿರ ಯಾಕೆ ಹೇಳಲಿಲ್ಲ ಅತ್ತೆ?"

"ನಿಮ್ಮ ಹತ್ತಿರವಾ?" ಅತ್ತೆ ಅವನನ್ನು ನೇರವಾಗಿ ನೋಡಿದರು. "ಹನ್ನೆರಡು ವರ್ಷ ನಿಮ್ಮ ದಶಮಾಂಶ ಆಡಿಕೊಂಡು ನಕ್ಕವಳು, ಯಾವ ಮುಖ ಇಟ್ಕೊಂಡು ಹೇಳಲಿ?"

ಪತ್ತೇದಾರ ರಿಜಿಸ್ಟರನ್ನು ನೋಡಿದ, ಕಿಟಕಿಯನ್ನು ನೋಡಿದ, ಕೊನೆಗೆ ಬೇರೇನೂ ತೋಚದೆ ತನ್ನ ಕಸುಬಿಗೆ ಮರಳಿದ.

"ಆದ್ರೆ ಅತ್ತೆ, ಈ ಪತ್ರ... ಹೆಸರಿಲ್ಲದೆ ಆ ಹುಡುಗಿ ಮೇಲೆ ದೂರು..."

"ಥೂ!" ಅತ್ತೆ ಮೇಜು ಗುದ್ದಿದ ರಭಸಕ್ಕೆ ಧೂಳು ಎದ್ದಿತು. "ಹೆಸರಿಲ್ಲದೆ ಬರೆಯೋ ಜಾತಿಯವಳಾ ನಾನು? ಮೂವತ್ತೊಂದು ವರ್ಷ ಒಂದೊಂದು ಅಂಕಿಗೂ ಸಹಿ ಹಾಕಿದೀನಿ. ನಾನು ಬರೆದಿದ್ದು ಈ ವಿಭಾಗದ ಸೂಪರಿಂಟೆಂಡೆಂಟ್‌ಗೆ. ಇಡೀ ಒಂದು ಹಾಳೆ, ಕೆಳಗೆ ನನ್ನ ಹೆಸರು, ಸಹಿ, ತಾರೀಕು, ಎಲ್ಲಾ. ಕಾಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದೆ. ನೀವು ಓದಿದ ಪಟ್ಟಿ ಇದೆಯಲ್ಲ, ಅದು ನಡುವಿನ ಮೂರು ಸಾಲು. ನೀವು ಓದೋಕೆ ಶುರು ಮಾಡಿದಾಗಲೇ ನನ್ನ ಜೀವ ಬಾಯಿಗೆ ಬಂತು."

"ಪ್ರತಿ ಇಟ್ಕೊಂಡಿದೀರಾ?"

ಅತ್ತೆ ಅವನನ್ನು ನೋಡಿದ ನೋಟದಲ್ಲಿ ಹಳೆಯ ಅತ್ತೆ ಪೂರ್ತಿಯಾಗಿ ವಾಪಸ್ ಬಂದಿದ್ದರು. ಪ್ರತಿ ಇಟ್ಟುಕೊಳ್ಳದೆ ಕಾಗದ ಕೊಡುವವರೂ ಇರುತ್ತಾರೆಯೇ ಎಂಬಂಥ ನೋಟ. ಚೀಲದ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ಹೊರಬಂತು. ನಾಲ್ಕು ತಿಂಗಳಿಂದ ಅದನ್ನು ಹೊತ್ತುಕೊಂಡೇ ತಿರುಗಿದ್ದರು.

ಪತ್ತೇದಾರ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಪ್ಲಾಸ್ಟಿಕ್ ಕವರಿನ ಪಟ್ಟಿಯನ್ನು ಅದರ ಮೇಲಿಟ್ಟು ಮೆಲ್ಲನೆ ಕೆಳಕ್ಕೆ ಸರಿಸಿದ. ಹತ್ತನೇ ಸಾಲಿನ ಮೇಲೆ ಬಂದಾಗ ಅಕ್ಷರಕ್ಕೆ ಅಕ್ಷರ, ಗೋಡೆಗೆ ಗೋಡೆ ಕೂತಿತು. ಪಟ್ಟಿಯ ಮೇಲಂಚು ಕೆಳಂಚು ಎರಡೂ ಕತ್ತರಿಯ ಕೆಲಸ. ಮೇಲಂಚಿನಲ್ಲಂತೂ ಕತ್ತರಿಸಿದ ಸಾಲಿನ ಒತ್ತುಗಳ ಬಾಲ ಇನ್ನೂ ಕಾಣುತ್ತಿತ್ತು. ಆ ಸಾಲು ಏನೆಂದು ಪ್ರತಿಯಲ್ಲಿ ಓದಿದ.

"ಮೇಲ್ಕಂಡ ಇಪ್ಪತ್ತಾರು ಪ್ರಕರಣಗಳಲ್ಲೂ ತಪ್ಪು ನನ್ನದೇ ಹೊರತು ಅಭ್ಯರ್ಥಿಗಳದ್ದಲ್ಲ. ಉದಾಹರಣೆಗೆ:"

ಉದಾಹರಣೆಗೆ! ಪಾಪದ ಹುಡುಗಿ ಒಂದು ಉದಾಹರಣೆಯಾಗಿದ್ದಳು, ಅಷ್ಟೇ. ಯಾರೋ ಕತ್ತರಿ ಹಾಕಿ ಅವಳನ್ನು ಅಪರಾಧಿ ಮಾಡಿದ್ದರು.

ಹಾಳೆಯ ಕೆಳಗೆ ಎಡಮೂಲೆಯಲ್ಲಿ ನೀಲಿ ಮಸಿಯಲ್ಲಿ 'ಸ್ವೀಕರಿಸಿದೆ' ಎಂಬ ಬರಹ, ಮೊಹರು, ಸೂಪರಿಂಟೆಂಡೆಂಟ್ ಸಹಿ.

"ಅಸಲು ಅವರಿಗೆ ಕೊಟ್ಟು, ಇದರ ಮೇಲೆ ಸಹಿ ಹಾಕಿಸಿಕೊಂಡೆ" ಎಂದರು ಅತ್ತೆ. "ನೋಡೋಣ ಮೇಡಮ್, ಗಾಬರಿಯಾಗಬೇಡಿ, ಯಾರ ಹತ್ತಿರಾನೂ ಹೇಳಬೇಡಿ ಅಂದ್ರು. ನಾನು ಬಾಯಿಗೆ ಬೀಗ ಹಾಕ್ಕೊಂಡೆ. ನಿಮ್ಮ ಕಕ್ಷಿಗಾರಳ ಸಂಖ್ಯೆ ಅದೇ ಅಂತ ಇವತ್ತು ನೀವು ಹೇಳೋ ತನಕ ನಂಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅರ್ಧ ಗಂಟೆ ಪುಟ ತಿರುವಿ ನಾಟಕ ಆಡಿದೆನಲ್ಲ, ಅದು ಮಾತ್ರ ನಂದೇ ತಪ್ಪು. ಅದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

ಬಾಗಿಲು ತೆರೆದು ಮೇಲ್ವಿಚಾರಕ ಇಣುಕಿದ. ಎರಡನೇ ಚಹಾವೂ ಮುಗಿದಿತ್ತು.

"ಸೂಪರಿಂಟೆಂಡೆಂಟ್ ಮೇಲಿದಾರಾ?" ಪತ್ತೇದಾರ ಕೇಳಿದ.

"ಇಲ್ಲ ಸರ್. ಒಂಬತ್ತೂವರೆಗೇ ಹೊರಗೆ ಹೋದ್ರು. ಟೈ ಕಟ್ಕೊಂಡು ಹೋದ್ರು. ಭಾಮೈದನ ಕೆಲಸದ ವಿಷಯ ಇರಬೇಕು."

"ಯಾವ ಭಾಮೈದ?"

"ಅವರ ಹೆಂಡತಿ ತಮ್ಮ, ಕೆಮಿಸ್ಟ್ರಿ ಓದಿದಾನೆ. ಎಲ್ಲೋ ನೀರಿನ ಲ್ಯಾಬಲ್ಲಿ ಕೆಲಸ ಒಂದು ನಂಬರಿನಲ್ಲಿ ತಪ್ಪಿಹೋಯ್ತಂತೆ. ಪಟ್ಟಿಯಲ್ಲಿ ಎರಡನೆಯವನಂತೆ. ಮನೇಲಿ ದಿನಾ ಅದೇ ಗಲಾಟೆ ಅಂತ ಸಾಹೇಬ್ರು ಹೇಳಿಕೊಳ್ತಿದ್ರು, ಪಾಪ."

ಪತ್ತೇದಾರ ಅತ್ತೆಯನ್ನು ನೋಡಿದ. ಅತ್ತೆ ಪತ್ತೇದಾರನನ್ನು ನೋಡಿದರು. ಮದುವೆಯಾದಂದಿನಿಂದ ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ಯೋಚನೆ ಬಂದದ್ದು ಇದೇ ಮೊದಲು.

"ಆದ್ರೆ ಅತ್ತೆ" ಅವನಿಗೆ ಇನ್ನೊಂದು ಅಳುಕು. "ತಪ್ಪು ಆಫೀಸಿಂದೇ ಅಂತ ತೋರಿಸಿದ್ರೂ ಅವಳ ನಿಜವಾದ ಅಂಕ ಐವತ್ತೊಂಬತ್ತು ಚಿಲ್ಲರೆಯೇ ತಾನೇ? ದರ್ಜೆ ಹೋಗಿಬಿಟ್ರೆ ಕೆಲಸಾನೂ ಹೋಗುತ್ತಲ್ಲ?"

ಅತ್ತೆ ರಿಜಿಸ್ಟರಿನ ರಟ್ಟು ತೆರೆದರು. ಒಳಗೆ ಅಂಟಿಸಿದ್ದ ನಿಯಮಗಳ ಹಾಳೆಯಲ್ಲಿ ಇಪ್ಪತ್ತೊಂದನೆಯದನ್ನು ನೋಡದೆಯೇ ಹೇಳಿದರು.

"ಪದವಿ ಕೊಟ್ಟು ಒಂದು ವರ್ಷ ಕಳೆದ ಮೇಲೆ ಕಚೇರಿಯ ತಪ್ಪಿಗೆ ಅಭ್ಯರ್ಥಿ ಹೊಣೆಯಲ್ಲ. ಕೊಟ್ಟ ದರ್ಜೆ ಕೊಟ್ಟ ಹಾಗೇ ನಿಲ್ಲುತ್ತೆ. ಅಭ್ಯರ್ಥಿಯೇ ತಿದ್ದಿದ್ದು ಅಂತ ಸಾಬೀತಾದ್ರೆ ಮಾತ್ರ ರದ್ದು. ಇಪ್ಪತ್ತಾರು ಜನಕ್ಕೂ ಇದೇ. ಯಾರಿಗೂ ಏನೂ ಆಗಲ್ಲ, ನನ್ನ ಮಾನ ಒಂದು ಬಿಟ್ಟು."

"ನಿಮ್ಮ ಮಾನಕ್ಕೂ ಏನೂ ಆಗಲ್ಲ. ಬರ್ತೀರಾ ವಿಚಾರಣೆಗೆ?"

"ಬರದೆ? ಸಮಿತಿಯವರ ಮುಂದೆ ನಿಂತು, ಎರಡನೇ ಟೇಬಲ್ ನಂದು ಅಂತ ಹೇಳ್ತೀನಿ. ಒಂದು ಹೆಣ್ಣುಮಗಳ ಅನ್ನದ ವಿಷಯ. ಏಳಿ, ಕೂತೇ ಇದೀರಲ್ಲ!"

ರಿಜಿಸ್ಟರನ್ನು ಹೊರಗೆ ಕೊಂಡೊಯ್ಯುವಂತಿಲ್ಲವೆಂದು ಮೇಲ್ವಿಚಾರಕ ಬಾಯಿ ತೆರೆದ. ಅತ್ತೆ ಅವನತ್ತ ತಿರುಗಿದರು. ಅವನು ಬಾಯಿ ಮುಚ್ಚಿ, ರಿಜಿಸ್ಟರನ್ನು ತಾನೇ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಪತ್ತೇದಾರ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಹನ್ನೊಂದು ಗಂಟೆ ಹದಿನೆಂಟು ನಿಮಿಷ. ಪ್ರಯೋಗಾಲಯಕ್ಕೆ ಕಾರಿನಲ್ಲಿ ಇಪ್ಪತ್ತೇ ನಿಮಿಷದ ದಾರಿ. ಕೈಯಲ್ಲಿ ಪತ್ರ, ಮುಂದೆ ಮೇಲ್ವಿಚಾರಕನ ಹೆಗಲ ಮೇಲೆ ರಿಜಿಸ್ಟರ್, ಹಿಂದೆ ಮೆಟ್ಟಿಲಿಗೊಮ್ಮೆ "ಬೇಗ, ಬೇಗ" ಎಂದು ಗದರುವ ಸಾಕ್ಷಿ. ಇಷ್ಟು ಪಕ್ಕಾ ಆಧಾರ ಅವನ ವೃತ್ತಿಜೀವನದಲ್ಲೇ ಸಿಕ್ಕಿರಲಿಲ್ಲ. ಪೂರ್ಣ ಅಂಕ ಬಂದರೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಬಹುಶಃ ಹೀಗೇ ಇರುತ್ತದೆ ಎಂದುಕೊಂಡ.

ಬೆಳಕಿಗೆ ಬಂದದ್ದೇ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತಪ್ಪಿದ ಕರೆ ಒಂಬತ್ತು. ಒಂಬತ್ತೂ ಆ ಹುಡುಗಿಯದ್ದೇ. ಹತ್ತನೆಯದು ಈಗ ಬರುತ್ತಿತ್ತು.

"ಹಲೋ! ಕೇಳಿಸ್ಕೊಳ್ಳಮ್ಮಾ, ಸಿಕ್ಕಿಬಿಡ್ತು! ನಿನ್ನ ತಪ್ಪು ಒಂದಿಷ್ಟೂ ಇಲ್ಲ. ಎಲ್ಲಾ ಕಾಗದ ಕೈಯಲ್ಲಿದೆ, ಇಪ್ಪತ್ತು ನಿಮಿಷದಲ್ಲಿ..."

"ಸರ್, ನೀವಿನ್ನು ಓಡಾಡೋದು ಬೇಡ ಸರ್." ಅವಳ ದನಿ ಹಗುರಾಗಿತ್ತು. ಎಷ್ಟೋ ದಿನ ನಿದ್ದೆ ಬಾರದವರು ಒಮ್ಮೆ ಚೆನ್ನಾಗಿ ನಿದ್ದೆ ಮಾಡಿ ಎದ್ದಂತೆ. "ಎಲ್ಲಾ ಮುಗೀತು. ಪೊಲೀಸ್ ಇಲ್ಲ, ಏನೂ ಇಲ್ಲ. ಯೂನಿವರ್ಸಿಟಿಯಿಂದ ಒಬ್ಬ ಸಾಹೇಬ್ರು ಬಂದಿದ್ರು. ಟೈ ಕಟ್ಕೊಂಡು, ತುಂಬಾ ಮರ್ಯಾದಸ್ಥರು. ರಿಜಿಸ್ಟರಲ್ಲಿ ನಿಜವಾಗ್ಲೂ ಐವತ್ತೊಂಬತ್ತು ಪಾಯಿಂಟ್ ನಾಲ್ಕು ಐದೇ ಇದೆಯಂತೆ ಸರ್, ಅವರೇ ಕಣ್ಣಾರೆ ನೋಡಿದಾರಂತೆ. ಹಟ ಮಾಡಿದ್ರೆ ಜೈಲು, ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಕೆಳಗಿನ ಕೆಲಸಕ್ಕೆ ಹಾಕಿ ಬಿಟ್ಟುಬಿಡ್ತಾರೆ, ಅಪ್ಪನ ಮುಖ ನೋಡಮ್ಮಾ ಅಂದ್ರು. ನಿಮಗೆ ಫೋನ್ ಮಾಡ್ದೆ, ಮಾಡ್ದೆ, ಸಿಗಲೇ ಇಲ್ಲ."

ಪತ್ತೇದಾರ ಮೆಟ್ಟಿಲಿನ ಕೊನೆಯಲ್ಲಿ ನಿಂತುಬಿಟ್ಟ. ಹಿಂದಿನಿಂದ ಬಂದ ಅತ್ತೆ ಅವನಿಗೆ ಡಿಕ್ಕಿ ಹೊಡೆದು, ಬೈಯಲು ಬಾಯಿ ತೆರೆದು, ಅವನ ಮುಖ ನೋಡಿ ಫೋನಿನ ಕಡೆ ಕಿವಿ ಕೊಟ್ಟರು.

"ಸಹಿ ಹಾಕಿದ್ಯಾ?"

"ಹಾಕಿದೆ ಸರ್."

"ಏನಂತ ಬರೆದಿತ್ತು ಅದರಲ್ಲಿ?"

"ಪ್ರಮಾಣಪತ್ರದಲ್ಲಿ ದರ್ಜೆ ತಿದ್ದಿದ್ದು ನಾನೇ ಅಂತ" ಎಂದಳು ಹುಡುಗಿ. "ಸಮಿತಿಯವರು ಹನ್ನೆರಡರ ತನಕ ಕಾಯಲಿಲ್ಲ ಸರ್. ಒಳಗೆ ಅದನ್ನೇ ಓದ್ತಾ ಇದಾರೆ."